ಐದು ದಿನದ ಆಟಕ್ಕೆ ಅನ್ನ ಹಾಕುವವರು ಯಾರು?

(ಮುಂಬೈನ ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಕ್ರಿಕೆಟ್ಟಿನಲ್ಲಿ ಒಂದು ಸಂಜೆಯ ಟ್ವೆಂಟಿ20 ದೊಡ್ಡದೋ ಐದು ದಿನದ ಟೆಸ್ಟ್ ದೊಡ್ಡದೋ ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಈ ಜಗಳ ನಮ್ಮೆಲ್ಲರ ಮನೆಯಲ್ಲೂ ನಡೆಯುತ್ತಲೇ ಇರುತ್ತದೆ. ಅಪ್ಪ ಒಂದು ಕಡೆ, ಮಗ ಒಂದು ಕಡೆ. ಯಾರೂ ಸೋಲುವುದಿಲ್ಲ, ಯಾರೂ ಗೆಲ್ಲುವುದಿಲ್ಲ. ನಾನು ಇವತ್ತು ಬೇರೆಯೇ ಪ್ರಶ್ನೆ ಕೇಳುತ್ತೇನೆ. ಒಬ್ಬ ಆಟಗಾರ ನಾಲ್ಕೈದು ದಿನ ಬಿಸಿಲಲ್ಲಿ ನಿಂತು ಆಡಬೇಕಾದರೆ ಅವನ ಮನೆಯ ಒಲೆ ಯಾರ ದುಡ್ಡಿನಿಂದ ಉರಿಯುತ್ತದೆ? ಕ್ರಿಕೆಟ್ಟಿನ ಕಥೆಯನ್ನು ಈ ಪ್ರಶ್ನೆ ಹಿಡಿದುಕೊಂಡು ನೋಡಿದರೆ ಜಾಸ್ತಿ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ.

ಧಾರವಾಡದಿಂದ ಶುರು ಮಾಡೋಣ. ಪಾಲ್ವಂಕರ್ ಬಾಲೂ ಹುಟ್ಟಿದ್ದು ಅಲ್ಲಿ, 1876ರಲ್ಲಿ. ದಲಿತ ಕುಟುಂಬ. ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಬ್ರಿಟಿಷರ ಜಿಮ್ಖಾನಾದಲ್ಲಿ, ಅಂದರೆ ಅವರ ಆಟದ ಕ್ಲಬ್ಬಿನಲ್ಲಿ, ಪಿಚ್ ಮೇಲೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಸಾಹೇಬರು ಬ್ಯಾಟ್ ಹಿಡಿದು ಬಂದರೆ ಚೆಂಡು ಹಾಕುವುದು, ಇದು ಆ ಹುಡುಗನ ಕೆಲಸ. ತಿಂಗಳಿಗೆ ಸಿಗುತ್ತಿದ್ದದ್ದು ಕೆಲವೇ ರೂಪಾಯಿ. ಗ್ರೆಗ್ ಎಂಬ ಒಳ್ಳೆಯ ಬ್ಯಾಟ್ಸ್‌ಮನ್‌ಗೆ ಗಂಟೆಗಟ್ಟಲೆ ಬೌಲ್ ಮಾಡಿ ಮಾಡಿಯೇ ಆ ಎಡಗೈ ಪಳಗಿತು. ಆಮೇಲೆ ಪುಣೆಯ ಹಿಂದೂಗಳ ತಂಡಕ್ಕೆ ಅವರು ಬೇಕಾದರು. ಮೈದಾನದಲ್ಲಿ ಎಲ್ಲರೂ ಮುಟ್ಟುವ ಚೆಂಡನ್ನೇ ಅವರೂ ಮುಟ್ಟುತ್ತಿದ್ದರು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು ಇದೇ ಬಾಲೂ. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ಸಿಗಲಿಲ್ಲ. ಅದು ಸಿಕ್ಕಿದ್ದು ತಮ್ಮ ವಿಠ್ಠಲನಿಗೆ, 1923ರಲ್ಲಿ. ಈ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ನಮ್ಮ ಧಾರವಾಡದಲ್ಲಿ ಹುಟ್ಟಿದವರು, ನಮ್ಮ ಈ ಮುಂಬೈಯಲ್ಲಿ ಬಾಳಿದವರು.

ನಾನು ಬಾಲೂ ಅವರನ್ನು ನೆನೆದದ್ದಕ್ಕೆ ಇನ್ನೊಂದು ಕಾರಣವಿದೆ. ಮುಂಬೈಗೆ ಬಂದ ಮೇಲೆ ಅವರು ರೈಲ್ವೆ ಕಂಪನಿಯಲ್ಲಿ ನೌಕರಿ ಮಾಡಿದರು, ಆ ಕಂಪನಿಯ ತಂಡಕ್ಕೂ ಆಡಿದರು. ಅಂದರೆ ನೌಕರಿಯೂ ಇದೆ, ಆಟವೂ ಇದೆ. ಇದೊಂದು ವ್ಯವಸ್ಥೆ. ಮುಂದೆ ಮುಂಬೈ ಕ್ರಿಕೆಟ್ ನಿಂತದ್ದು ಇದರ ಮೇಲೆ.

ನಡುವೆ ರಾಜ ಮಹಾರಾಜರ ಕಾಲವೂ ಬಂತು, ಜಿಮ್ಖಾನಾಗಳ ಕಾಲವೂ ಬಂತು. ಮರೀನ್ ಡ್ರೈವ್‌ನಲ್ಲಿ ಹೋದರೆ ಪಾರ್ಸಿ, ಇಸ್ಲಾಂ, ಹಿಂದೂ ಜಿಮ್ಖಾನಾಗಳು ಈಗಲೂ ಸಾಲಾಗಿ ಕಾಣುತ್ತವೆ. ಧರ್ಮಕ್ಕೊಂದು ತಂಡ ಮಾಡಿ ಆಡುತ್ತಿದ್ದ ಆ ಟೂರ್ನಿ 1946ಕ್ಕೆ ನಿಂತಿತು. ನಿಂತದ್ದೇ ಒಳ್ಳೆಯದಾಯಿತು. ನಮ್ಮ ದೇಶದ ನೆಲದಲ್ಲಿ ಮೊದಲ ಟೆಸ್ಟ್ ನಡೆದದ್ದು 1933ರ ಡಿಸೆಂಬರಿನಲ್ಲಿ, ಇಲ್ಲೇ ಬಾಂಬೆ ಜಿಮ್ಖಾನಾದಲ್ಲಿ. ಲಾಲಾ ಅಮರನಾಥ್ 118 ಹೊಡೆದರು.

ಆಮೇಲೆ ಬಂದದ್ದು ಆಫೀಸ್ ಕ್ರಿಕೆಟ್. ಇಲ್ಲಿ ಕೂತ ಹಿರಿಯರಿಗೆ ಆಫೀಸು ತಂಡಗಳ ಟೂರ್ನಿ ಟೈಮ್ಸ್ ಶೀಲ್ಡ್ ನೆನಪಿರುತ್ತದೆ. ಟಾಟಾ, ಮಫತ್‌ಲಾಲ್, ನಿರ್ಲಾನ್, ಬ್ಯಾಂಕುಗಳು, ರೈಲ್ವೆ, ಎಲ್ಲರ ತಂಡಗಳೂ ಇದ್ದವು. ಅಜಿತ್ ವಾಡೇಕರ್ ಸ್ಟೇಟ್ ಬ್ಯಾಂಕಿನವರು. ಗಾವಸ್ಕರ್ ನಿರ್ಲಾನ್‌ನವರು. ನಮ್ಮ ಜಿ.ಆರ್. ವಿಶ್ವನಾಥ್ ಬೆಂಗಳೂರಿನಲ್ಲಿ ಸ್ಟೇಟ್ ಬ್ಯಾಂಕಿನವರೇ. ತಿಂಗಳು ತಿಂಗಳು ಸಂಬಳ ಬರುತ್ತಿತ್ತು. ಮ್ಯಾಚ್ ಇದ್ದರೆ ರಜೆ ಸಿಗುತ್ತಿತ್ತು. ಒಂದು ಸೀಸನ್ ರನ್ ಬರದಿದ್ದರೂ ಮನೆಗೆ ಅಕ್ಕಿ ಬರುತ್ತಿತ್ತು. ಇಷ್ಟೇ ವಿಷಯ, ಆದರೆ ಇದೇ ದೊಡ್ಡ ವಿಷಯ. ಸೋತರೂ ಹೊಟ್ಟೆ ಖಾಲಿಯಾಗುವುದಿಲ್ಲ ಎಂದು ಗೊತ್ತಿರುವವನಿಗೆ ಮಾತ್ರ ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಡುತ್ತಾ ಇಡೀ ಬೆಳಗ್ಗೆ ಕಳೆಯುವ ಧೈರ್ಯ ಬರುತ್ತದೆ.

ನಾನೂ ಬ್ಯಾಂಕಿನಲ್ಲಿದ್ದವನು. ಆಟ ನನಗೆ ಅಷ್ಟಕ್ಕಷ್ಟೇ. ಆದರೆ ನಮ್ಮ ಬ್ಯಾಂಕಿನ ತಂಡಕ್ಕೆ ಸ್ಕೋರ್ ಬರೆಯುವ ಕೆಲಸ ನನ್ನದಾಗಿತ್ತು. ಆಜಾದ್ ಮೈದಾನದಲ್ಲಿ ಎಷ್ಟೊಂದು ಪಿಚ್‌ಗಳಿವೆ ನಿಮಗೆ ಗೊತ್ತು. ನಮ್ಮ ಕವರ್ ಫೀಲ್ಡರ್ ಪಕ್ಕದ ಮ್ಯಾಚಿನ ಅಂಪೈರ್ ಹತ್ತಿರ ನಿಂತಿರುತ್ತಾನೆ. ಅಲ್ಲಿಂದ ಬಂದ ಚೆಂಡು ನಮ್ಮದೋ ಅವರದೋ ಎಂದು ನೋಡಿಕೊಂಡು ಬರೆಯಬೇಕು. ಸ್ಕೋರ್ ಪುಸ್ತಕದಲ್ಲಿ ಬೌಲರ್ ಹೆಸರಿನ ಮುಂದೆ ಒಂದೊಂದು ಓವರಿಗೆ ಒಂದೊಂದು ಚೌಕ. ರನ್ ಬಾರದ ಚೆಂಡಿಗೆ ಒಂದು ಚುಕ್ಕಿ. ಮೇಲೆ ಮೂರು, ಕೆಳಗೆ ಮೂರು. ಆರೂ ಚುಕ್ಕಿಗಳಾದರೆ ಅವನ್ನು ಗೆರೆ ಎಳೆದು ಜೋಡಿಸಿ ಇಂಗ್ಲಿಷಿನ ಎಂ ಅಕ್ಷರ ಮಾಡುತ್ತೇವೆ. ಅದು ಮೇಡನ್ ಓವರ್. ಅದರಲ್ಲಿ ವಿಕೆಟ್ಟೂ ಬಿದ್ದಿದ್ದರೆ ಅದೇ ಚುಕ್ಕಿಗಳು ಡಬ್ಲ್ಯೂ ಆಗುತ್ತವೆ. ಒಳ್ಳೆಯ ಸ್ಪಿನ್ನರ್ ಒಬ್ಬ ಊಟದ ನಂತರ ಒಂದೇ ತುದಿಯಿಂದ ಬೌಲ್ ಮಾಡಿದರೆ ಪುಟದಲ್ಲಿ ಎಂ, ಎಂ, ನಡುವೆ ಒಂದು ರನ್, ಮತ್ತೆ ಎಂ, ಆಮೇಲೆ ಡಬ್ಲ್ಯೂ. ದೂರದಿಂದ ನೋಡಿದವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸಬಹುದು. ಪುಟ ನೋಡಿದರೆ ಅವನು ಬ್ಯಾಟ್ಸ್‌ಮನ್‌ನನ್ನು ಹೇಗೆ ಕಟ್ಟಿ ಹಾಕಿದ, ಯಾವ ಓವರಿನಲ್ಲಿ ಅವನ ತಾಳ್ಮೆ ಹೋಯಿತು, ಎಲ್ಲ ಗೊತ್ತಾಗುತ್ತದೆ. ಅಂಥ ಪುಟಗಳನ್ನು ಬರೆದಿದ್ದೇನೆ ಎಂಬುದು ನನಗೆ ಬಹಳ ಹೆಮ್ಮೆ.

ಮುಂಬೈಯ ಪದ್ಮಾಕರ್ ಶಿವಾಲ್ಕರ್ ಅಂಥ ಬೌಲರ್. ಫಸ್ಟ್ ಕ್ಲಾಸ್ ಕ್ರಿಕೆಟ್ಟಿನಲ್ಲಿ 589 ವಿಕೆಟ್. ಭಾರತ ತಂಡದಲ್ಲಿ ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿ ಇದ್ದ ಕಾಲದಲ್ಲಿ ತಾನೂ ಎಡಗೈ ಸ್ಪಿನ್ನರ್ ಆಗಿ ಹುಟ್ಟಿದ್ದರಿಂದ ಒಂದೂ ಟೆಸ್ಟ್ ಆಡಲಿಲ್ಲ. 1972–73ರಲ್ಲಿ ರಾಜ್ಯ ತಂಡಗಳ ಟೂರ್ನಿಯಾದ ರಣಜಿಯ ಫೈನಲ್ ಚೆನ್ನೈಯಲ್ಲಿ. ತಮಿಳುನಾಡು ತನಗೆ ಬೇಕಾದ ಹಾಗೆ ತಿರುಗುವ ಪಿಚ್ ಮಾಡಿಕೊಂಡಿತ್ತು. ಶಿವಾಲ್ಕರ್ ಮೊದಲ ಇನಿಂಗ್ಸಿನಲ್ಲಿ 16 ರನ್ನಿಗೆ 8, ಎರಡನೆಯದರಲ್ಲಿ 18 ರನ್ನಿಗೆ 5 ವಿಕೆಟ್ ತೆಗೆದರು. ಅದು ಮುಂಬೈಗೆ ಸತತ ಹದಿನೈದನೇ ರಣಜಿ ಟ್ರೋಫಿ. ಟೆಸ್ಟ್ ಟೋಪಿ ಸಿಗದಿದ್ದರೂ ಅಂಥವರು ವರ್ಷಗಟ್ಟಲೆ ಆಡಿದರು. ಮುಂಬೈಯ ಹುಡುಗರು ಅವರನ್ನು ಮೈದಾನದಲ್ಲಿ ಎದುರಿಸಿ ಕಲಿತರು. ಗಾವಸ್ಕರ್ ಸ್ಪಿನ್ ಆಡುವುದನ್ನು ಕಲಿತದ್ದು ಸುಮ್ನೆ ಅಲ್ಲ.

ಹದಿನಾರನೇದು ಯಾಕೆ ಬರಲಿಲ್ಲ ಅಂತ ಹೇಳದೆ ಮುಂದೆ ಹೋದರೆ ನೀವು ನನ್ನನ್ನು ಬಿಡುವುದಿಲ್ಲ. 1973–74ರ ಸೆಮಿಫೈನಲ್, ಬೆಂಗಳೂರು, ಮುಂಬೈ ಎದುರಿಗೆ ಕರ್ನಾಟಕ. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಆ ಚೆಂಡಿನ ಬಗ್ಗೆ ಇವತ್ತಿಗೂ ಮಾತಾಡುತ್ತಾರೆ. ವಾಡೇಕರ್ ಜಾರಿ ರನೌಟ್ ಆದರು. ಕರ್ನಾಟಕ ಗೆದ್ದದ್ದು ಮೊದಲ ಇನಿಂಗ್ಸ್ ಮುನ್ನಡೆಯಿಂದ. ಲೆಕ್ಕಕ್ಕೆ ಅದು ಡ್ರಾ ಆದ ಮ್ಯಾಚ್! ಡ್ರಾ ಆದ ಮ್ಯಾಚನ್ನು ಐವತ್ತು ವರ್ಷದ ಮೇಲೂ ಚೆಂಡು ಚೆಂಡಾಗಿ ಹೇಳುವವರು ಈ ಸಭೆಯಲ್ಲಿ ಇದ್ದಾರೆ. ಇದೇ ಮುಂಬೈಯಲ್ಲಿ ಕೆಲಸ ಮಾಡುತ್ತಾ ಆಗ ಕರ್ನಾಟಕದ ಕಡೆ ನಿಂತವರ ಪಾಡು ಏನಾಗಿತ್ತು ಅಂತ ಅವರನ್ನೇ ಕೇಳಿ.

ಈ ಆಫೀಸ್ ವ್ಯವಸ್ಥೆ ಕರಗಿ ಹೋಯಿತು. ಗಿರಣಿಗಳು ಮುಚ್ಚಿದವು. ಬ್ಯಾಂಕುಗಳಲ್ಲಿ ಆಟಗಾರರನ್ನು ತೆಗೆದುಕೊಳ್ಳುವುದು ಕಡಿಮೆಯಾಯಿತು. ಹೊಸ ಕಂಪನಿಗಳಿಗೆ ವಾರದಲ್ಲಿ ಮೂರು ದಿನ ಮೈದಾನದಲ್ಲಿರುವ ನೌಕರ ಬೇಕಿರಲಿಲ್ಲ. ಇದು ನಡೆದದ್ದು ಐಪಿಎಲ್ ಬರುವ ಮೊದಲೇ. ಇದನ್ನು ದಯವಿಟ್ಟು ಗಮನಿಸಿ. ಉದ್ದ ಆಟದ ಕೆಳಗಿನ ನೆಲ ಆಗಲೇ ಕುಸಿದಿತ್ತು. ಎಲ್ಲ ತಪ್ಪನ್ನೂ ಟ್ವೆಂಟಿ20 ಮೇಲೆ ಹಾಕುವುದು ನ್ಯಾಯವಲ್ಲ.

ಇನ್ನೂ ಒಂದು ಮಾತು. ಚುಟುಕು ಆಟ ನಮಗೇನು ಹೊಸದಾ? ಹೋಟೆಲ್ ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ಗಲ್ಲಿಯಲ್ಲಿ ಆಡುತ್ತಿದ್ದದ್ದು ಏನು? ನಮ್ಮ ಸಂಘಗಳು ನಡೆಸುವ ಟೂರ್ನಮೆಂಟುಗಳು ಆರು ಓವರಿನವು, ಎಂಟು ಓವರಿನವು. ಊರ ಕಡೆ ಗದ್ದೆ ಕೊಯ್ಲಾದ ಮೇಲೆ ಅಂಡರ್‌ಆರ್ಮ್. ಒಂದೇ ಭಾನುವಾರದಲ್ಲಿ ಹದಿನಾರು ತಂಡ ಆಡಬೇಕಾದರೆ ಬೇರೆ ದಾರಿ ಎಲ್ಲಿದೆ? ಸಮಯ ಇಲ್ಲದ ದುಡಿಯುವ ಜನರ ಆಟ ಅದು. ಅದನ್ನು ಕೀಳಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ.

ಇಂಗ್ಲೆಂಡಿನ ಕೌಂಟಿಗಳು 2003ರಲ್ಲಿ ಟ್ವೆಂಟಿ20 ಶುರು ಮಾಡಿದ್ದೂ ಇದೇ ಕಾರಣಕ್ಕೆ. ಕೆಲಸ ಮುಗಿಸಿ ಬಂದವರು ಸಂಜೆ ನೋಡಿ ಮನೆಗೆ ಹೋಗಲಿ ಅಂತ. 2007ರಲ್ಲಿ ನಾವು ಜೊಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಗೆದ್ದೆವು. 2008ರ ಏಪ್ರಿಲ್ 18ಕ್ಕೆ ಚಿನ್ನಸ್ವಾಮಿಯಲ್ಲಿ ಐಪಿಎಲ್ ಶುರುವಾಯಿತು. ಮೆಕಲಮ್ ಒಬ್ಬರೇ 158 ಹೊಡೆದರು, ನಮ್ಮ ಬೆಂಗಳೂರು ತಂಡ ಪೂರ್ತಿ ಸೇರಿ 82. ದ್ರಾವಿಡ್, ಕುಂಬ್ಳೆ, ಕಾಲಿಸ್, ಜಾಫರ್ ಇದ್ದ ತಂಡವನ್ನು ಟೆಸ್ಟ್ ತಂಡ ಎಂದು ಜನ ಹಂಗಿಸಿದರು. ಮರು ವರ್ಷ ಏನಾಯಿತು? ಟೆಸ್ಟಿನಿಂದ ನಿವೃತ್ತರಾಗಿದ್ದ ಕುಂಬ್ಳೆ ಕೇಪ್‌ಟೌನಿನಲ್ಲಿ ರಾಜಸ್ಥಾನದ ವಿರುದ್ಧ 5 ರನ್ನಿಗೆ 5 ವಿಕೆಟ್ ತೆಗೆದರು. ಫೈನಲ್ಲಿನಲ್ಲಿ 16 ರನ್ನಿಗೆ 4. ನಾಲ್ಕು ಓವರಿನಲ್ಲಿ ಅವರು ತೋರಿಸಿದ್ದು ಹದಿನೆಂಟು ವರ್ಷದ ಟೆಸ್ಟ್ ಕ್ರಿಕೆಟ್ಟಿನಲ್ಲಿ ಗಳಿಸಿದ ವಿದ್ಯೆ.

ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಂದೆ ಬೆಳಕು ಹರಿಯುವವರೆಗೆ ಆಟ. ಈಗ ಹೆಚ್ಚಿನ ಕಡೆ ಕಾಲಮಿತಿ. ಮುಂಬೈಗೆ ಮೇಳ ಬಂದರಂತೂ ಹಾಲ್ ಬಾಡಿಗೆ, ಕೊನೆಯ ಲೋಕಲ್ ಎರಡನ್ನೂ ನೋಡಿಕೊಂಡು ಮಂಗಳ ಹಾಡಬೇಕು. ನನಗೆ ಕಾಲಮಿತಿ ಇಷ್ಟವೇ. ಪ್ರಸಂಗ ಬಿಗಿಯಾಗಿರುತ್ತದೆ. ಆದರೆ ಮೂರು ಗಂಟೆಯಲ್ಲಿ ರಂಗವನ್ನು ತುಂಬುವ ಆ ಹಿರಿಯ ವೇಷಧಾರಿ ಎಲ್ಲಿ ತಯಾರಾದ? ಇಡೀ ರಾತ್ರಿಯ ಆಟದಲ್ಲಿ. ಮೊದಲು ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಹೀಗೆ ಪೂರ್ವರಂಗದಲ್ಲಿ ಕುಣಿದು ಕುಣಿದು ಕಾಲು ಗಟ್ಟಿಯಾಯಿತು. ಕಾಲಮಿತಿಯಲ್ಲಿ ಮೊದಲು ಕತ್ತರಿ ಬೀಳುವುದು ಆ ಪೂರ್ವರಂಗಕ್ಕೆ. ನೋಡುವವರಿಗೆ ಅದರಿಂದ ನಷ್ಟವಿಲ್ಲ. ಹೊಸದಾಗಿ ಮೇಳ ಸೇರಿದ ಹುಡುಗ ಎಲ್ಲಿ ಕಲಿಯಬೇಕು?

ಕ್ರಿಕೆಟ್ಟಿನಲ್ಲೂ ಅದೇ ಆಗುತ್ತಿದೆ. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ಶಾಲೆಗಳ ಟೂರ್ನಿ ಹ್ಯಾರಿಸ್ ಶೀಲ್ಡ್‌ನ ಮ್ಯಾಚು. ಶಾರದಾಶ್ರಮ ಶಾಲೆಯ ಸಚಿನ್ ಮತ್ತು ಕಾಂಬ್ಳಿ ಸೇರಿ 664 ರನ್ ಜೊತೆಯಾಟ ಆಡಿದರು. ಸಚಿನ್‌ಗೆ ಆಗ 14 ವರ್ಷ. ಆ ದಾಖಲೆ ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನಿಸುವುದು ಆ ವಯಸ್ಸಿನ ಹುಡುಗರಿಗೆ ಎರಡು ದಿನ ಬ್ಯಾಟ್ ಮಾಡುವ ಅವಕಾಶ ಇತ್ತು ಎಂಬುದು. ಇವತ್ತು ಅಕಾಡೆಮಿಗೆ ಹೋಗಿ ನೋಡಿ. ನೆಟ್‌ನಲ್ಲಿ ಒಬ್ಬೊಬ್ಬನಿಗೆ ಹತ್ತು ನಿಮಿಷ. ಹಿಂದೆ ತಂದೆ ಮೊಬೈಲ್ ಹಿಡಿದು ನಿಂತಿರುತ್ತಾರೆ. ಸಿಕ್ಸರ್ ಬಿದ್ದರೆ ರೀಲ್ ಆಗುತ್ತದೆ. ಚೆಂಡು ಬಿಟ್ಟದ್ದನ್ನು ಯಾರು ರೀಲ್ ಮಾಡುತ್ತಾರೆ? ತಂದೆಯನ್ನು ನಾನು ಬೈಯುವುದಿಲ್ಲ. ಅವರು ಲೆಕ್ಕ ಹಾಕಿದ್ದಾರೆ.

ಆ ಲೆಕ್ಕ ನಾವೂ ಹಾಕೋಣ. ನಮ್ಮ ಕ್ರಿಕೆಟ್ ಮಂಡಳಿ ಬಿಸಿಸಿಐ 2021ರಲ್ಲಿ ರಣಜಿ ಸಂಭಾವನೆ ಏರಿಸಿತು. ನಲವತ್ತಕ್ಕೂ ಹೆಚ್ಚು ಮ್ಯಾಚ್ ಆಡಿದ ಅನುಭವಿಗೆ ದಿನಕ್ಕೆ 60,000 ರೂಪಾಯಿ, ಹೊಸಬನಿಗೆ 40,000. ನಾಲ್ಕು ದಿನದ ಮ್ಯಾಚ್, ಲೀಗ್ ಹಂತದಲ್ಲಿ ಏಳು ಮ್ಯಾಚ್. ಅನುಭವಿಗೆ ಸುಮಾರು 17 ಲಕ್ಷ ಆಯಿತು. ಒಳ್ಳೆಯ ದುಡ್ಡೇ, ನಾವು ಬ್ಯಾಂಕಿನಲ್ಲಿ ಕಂಡದ್ದಲ್ಲ. ಈಗ ಪಕ್ಕದಲ್ಲಿ ಇದನ್ನು ಬರೆಯಿರಿ. 2025ರ ಹರಾಜಿನಲ್ಲಿ ಐಪಿಎಲ್ ಆಟಗಾರನ ಕನಿಷ್ಠ ಮೂಲ ಬೆಲೆ 30 ಲಕ್ಷ. ಅದರ ಮೇಲೆ ಮೈದಾನಕ್ಕಿಳಿದ ಪ್ರತಿ ಮ್ಯಾಚಿಗೆ 7.5 ಲಕ್ಷ. ಒಂದು ಸಂಜೆಗೆ ಏಳೂವರೆ ಲಕ್ಷ, ನಾಲ್ಕು ದಿನಕ್ಕೆ ಎರಡು ಲಕ್ಷ ನಲವತ್ತು ಸಾವಿರ. ಹದಿಮೂರು ವರ್ಷದ ಮಗನ ತಂದೆಗೆ ಯಾವ ದಾರಿ ಕಾಣಬೇಕು ಹೇಳಿ.

ಮೇಲಿನವರಿಗೂ ಇದು ಗೊತ್ತು. 2024ರ ಮಾರ್ಚ್‌ನಲ್ಲಿ ಮಂಡಳಿ ಟೆಸ್ಟ್ ಆಟಗಾರರಿಗೆ ಹೊಸ ಯೋಜನೆ ತಂದಿತು. ವರ್ಷದ ಮುಕ್ಕಾಲು ಭಾಗ ಟೆಸ್ಟ್‌ಗಳಲ್ಲಿ ಆಡುವ ಹನ್ನೊಂದರಲ್ಲಿ ಇದ್ದರೆ, ಮ್ಯಾಚಿಗೆ 15 ಲಕ್ಷ ಸಂಭಾವನೆಯ ಮೇಲೆ ಪ್ರತಿ ಮ್ಯಾಚಿಗೂ 45 ಲಕ್ಷ. ಇದು ಸರಿಯಾದ ಹೆಜ್ಜೆ. ಅದರ ಹಿಂದಿನ ತಿಂಗಳು ಶ್ರೇಯಸ್ ಅಯ್ಯರ್, ಇಶಾನ್ ಕಿಶನ್ ಇಬ್ಬರ ಒಪ್ಪಂದವನ್ನು ಮುಂದುವರಿಸಿರಲಿಲ್ಲ. ದೇಶಿ ಕ್ರಿಕೆಟ್ ಆಡಬೇಕು ಎಂಬ ಎಚ್ಚರಿಕೆ ಅದು. ಶ್ರೇಯಸ್ ಆ ಮಾರ್ಚ್‌ನಲ್ಲೇ ವಾಂಖೆಡೆಯಲ್ಲಿ ರಣಜಿ ಫೈನಲ್ ಆಡಿ 95 ಹೊಡೆದರು, ಮುಂಬೈ 42ನೇ ಬಾರಿ ಗೆದ್ದಿತು. ಅದೇ ವರ್ಷದ ಕೊನೆಗೆ ಐಪಿಎಲ್ ಹರಾಜಿನಲ್ಲಿ ಅವರಿಗೆ 26.75 ಕೋಟಿ ಬಂತು. ಒಬ್ಬನೇ ಮನುಷ್ಯ ಎರಡೂ ಆಟ ಆಡಬಲ್ಲ. ಆದರೆ ಮೇಲಿನ ಹದಿನೈದು ಜನಕ್ಕೆ ಬಹುಮಾನ ಕೊಟ್ಟರೆ ಸಾಕೇ? ಶಿವಾಲ್ಕರ್‌ನಂಥವನಿಗೆ, ಟೆಸ್ಟ್ ಬಾಗಿಲವರೆಗೆ ಬಂದು ಒಳಗೆ ಹೋಗದವನಿಗೆ ಏನು? ಹೊಸ ಹುಡುಗರಿಗೆ ಕಲಿಸುವವನು ಅವನು.

ನಷ್ಟ ಕಣ್ಣಿಗೆ ಕಂಡದ್ದು 2024ರ ಅಕ್ಟೋಬರ್, ನವೆಂಬರಿನಲ್ಲಿ. ಬೆಂಗಳೂರು, ಪುಣೆ, ಮುಂಬೈ, ನಮ್ಮವೇ ಮೂರು ಊರುಗಳು. ನ್ಯೂಜಿಲೆಂಡ್ ಮೂರರಲ್ಲೂ ಗೆದ್ದಿತು. ಬೆಂಗಳೂರಿನ ಮೋಡದಲ್ಲಿ ನಾವು 46ಕ್ಕೆ ಆಲೌಟ್. ಅದನ್ನು ಬಿಟ್ಟುಬಿಡಿ, ವೇಗದ ಬೌಲಿಂಗಿಗೆ ಎಲ್ಲರೂ ಒಂದು ದಿನ ಬೀಳುತ್ತಾರೆ. ಪುಣೆಯಲ್ಲಿ ಸ್ಯಾಂಟ್ನರ್ 13 ವಿಕೆಟ್ ತೆಗೆದದ್ದು, ವಾಂಖೆಡೆಯಲ್ಲಿ 147 ಬೇಕಾದಾಗ ನಾವು 121ಕ್ಕೆ ಮುಗಿದದ್ದು ನನಗೆ ನಿದ್ದೆ ಕೊಡಲಿಲ್ಲ. ವಾಂಖೆಡೆಯಲ್ಲಿ 11 ವಿಕೆಟ್ ತೆಗೆದ ಏಜಾಜ್ ಪಟೇಲ್ ಹುಟ್ಟಿದ್ದು ಇದೇ ಮುಂಬೈಯಲ್ಲಿ. ಚೆಂಡು ತಿರುಗುವ ನೆಲದಲ್ಲಿ ಭಾರತದ ಬ್ಯಾಟಿಂಗ್ ಹೀಗೆ ತಡವರಿಸುವುದನ್ನು ನಮ್ಮ ತಲೆಮಾರು ನೋಡಿದ್ದು ಅಪರೂಪ. 1987ರಲ್ಲಿ ಚಿನ್ನಸ್ವಾಮಿಯ ಅದಕ್ಕಿಂತ ಕೆಟ್ಟ ಪಿಚ್ಚಿನಲ್ಲಿ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸಿನಲ್ಲಿ 96 ಹೊಡೆದದ್ದನ್ನು ನೋಡಿದ್ದೆವು. ಆ ಮ್ಯಾಚನ್ನೂ ಪಾಕಿಸ್ತಾನಕ್ಕೆ 16 ರನ್ನಿನಿಂದ ಸೋತೆವು, ಅದು ಬೇರೆ. ಆದರೆ ಹೇಗೆ ಆಡಬೇಕು ಎಂದು ಅವರಿಗೆ ಗೊತ್ತಿತ್ತು. ಮುಂದಕ್ಕೆ ಕಾಲಿಟ್ಟು ಚೆಂಡನ್ನು ಸತ್ತ ಹಾಗೆ ನೆಲಕ್ಕೆ ಬೀಳಿಸುವುದು, ಅದನ್ನು ಗಂಟೆಗಟ್ಟಲೆ ಮಾಡುವುದು. ಅದು ಅಭ್ಯಾಸದಿಂದ ಬರುವ ವಿದ್ಯೆ. ಸೀಸನ್ನಿನ ನಡುವೆ ರಣಜಿಯನ್ನು ನಿಲ್ಲಿಸಿ, ಬಿಳಿ ಚೆಂಡಿನ ಸೀಮಿತ ಓವರ್ ಟೂರ್ನಿ ಮುಗಿಸಿ, ಆಮೇಲೆ ಮತ್ತೆ ಉದ್ದ ಆಟದ ಕೆಂಪು ಚೆಂಡು ಕೊಟ್ಟರೆ ಅಭ್ಯಾಸ ಹೇಗೆ ಉಳಿಯುತ್ತದೆ?

ಹಾಗಂತ ಎಲ್ಲ ಮುಗಿಯಿತು ಎಂದು ನಾನು ಹೇಳುವುದಿಲ್ಲ. 2025ರಲ್ಲಿ ಇಂಗ್ಲೆಂಡಿನಲ್ಲಿ ಐದು ಟೆಸ್ಟ್, ಐದೂ ಕೊನೆಯ ದಿನಕ್ಕೆ ಹೋದವು. ಮ್ಯಾಂಚೆಸ್ಟರಿನಲ್ಲಿ 311 ರನ್ ಹಿನ್ನಡೆ, ಎರಡನೇ ಇನಿಂಗ್ಸ್ ಶುರುವಾದ ಮೊದಲ ಓವರಿನಲ್ಲೇ ರನ್ನೇ ಇಲ್ಲದೆ ಎರಡು ವಿಕೆಟ್ ಹೋಯಿತು. ನಮ್ಮ ಕೆ.ಎಲ್. ರಾಹುಲ್ 90 ಹೊಡೆದರು, ಗಿಲ್ ಶತಕ, ಜಡೇಜ ಶತಕ, ಸುಂದರ್ ಶತಕ. ಐದನೇ ದಿನ ಸಂಜೆ ಡ್ರಾ. ಆ ಡ್ರಾ ಉಳಿಯದಿದ್ದರೆ ಓವಲ್‌ನಲ್ಲಿ ಸರಣಿ ಸಮ ಮಾಡುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ಸಿರಾಜ್ 9, ನಮ್ಮ ಪ್ರಸಿದ್ಧ ಕೃಷ್ಣ 8 ವಿಕೆಟ್ ತೆಗೆದು 6 ರನ್ನಿನಿಂದ ಗೆಲ್ಲಿಸಿದರು. ಕೈ ಜೋಳಿಗೆಯಲ್ಲಿ ಕಟ್ಟಿಕೊಂಡು ವೋಕ್ಸ್ ಒಂದೇ ಕೈಯಲ್ಲಿ ಬ್ಯಾಟ್ ಹಿಡಿದು ಬಂದಾಗ ಎರಡೂ ಕಡೆಯವರು ಎದ್ದು ನಿಂತರು. ಇವರೆಲ್ಲ ಐಪಿಎಲ್ ಆಡುವವರೇ. ಆಜಾದ್ ಮೈದಾನದ ಡೇರೆಯಲ್ಲಿ ಮಲಗಿ ಬೆಳೆದ ಯಶಸ್ವಿ ಜೈಸ್ವಾಲ್ ಐಪಿಎಲ್‌ನಲ್ಲಿ 13 ಚೆಂಡಿಗೆ ಅರ್ಧಶತಕ ಹೊಡೆದ ಹುಡುಗ, ಇಂಗ್ಲೆಂಡ್ ಮೇಲೆ ಒಂದೇ ಸರಣಿಯಲ್ಲಿ ಎರಡು ದ್ವಿಶತಕ ಹೊಡೆದವನೂ ಅವನೇ. ಉದ್ದ ಆಟ ಕಲಿತವನಿಗೆ ಚುಟುಕು ಆಟ ಒಲಿಯುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಣ್ಣುಮಕ್ಕಳ ಆಟದ ಬಗ್ಗೆ ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆಯದು. ಅವರಿಗೆ ಜನ, ದುಡ್ಡು, ಟಿವಿ ಸಿಕ್ಕಿದ್ದು ಚುಟುಕು ಆಟದಿಂದ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾಯಿತು, ಇದೇ ಮುಂಬೈಯಲ್ಲಿ. 2025ರ ನವೆಂಬರ್ 2ಕ್ಕೆ ನವಿಮುಂಬೈಯಲ್ಲಿ ಏಕದಿನ ವಿಶ್ವಕಪ್ ಗೆದ್ದರು. ಆದರೆ ಟೆಸ್ಟ್? ಅಪರೂಪಕ್ಕೊಂದು. 2023ರ ಡಿಸೆಂಬರಿನಲ್ಲಿ ಅದೇ ಡಿ.ವೈ. ಪಾಟೀಲ್ ಮೈದಾನದಲ್ಲಿ ಇಂಗ್ಲೆಂಡ್ ಮೇಲೆ ಆಡಲು ಕೊಟ್ಟಾಗ 347 ರನ್ನಿನಿಂದ ಗೆದ್ದರು. ಕರ್ನಾಟಕದ ಶುಭಾ ಸತೀಶ್ ಮೊದಲ ಟೆಸ್ಟಿನಲ್ಲೇ 69 ಹೊಡೆದಳು. ಅವಕಾಶ ಕೊಡದೆ ಇವರಿಗೆ ಉದ್ದ ಆಟ ಬರುವುದಿಲ್ಲ ಅನ್ನುವವರಿಗೆ ಆ ಸ್ಕೋರ್ ಕಾರ್ಡ್ ತೋರಿಸಿ.

ಇನ್ನು ನಮ್ಮ ಕೈಯಲ್ಲಿ ಏನಿದೆ ಎಂಬ ಮಾತು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿಗೆ ಹೋಯಿತು. ಹಿಂದೆ ಆಫೀಸುಗಳು ಕೊಡುತ್ತಿದ್ದ ಅನ್ನವನ್ನು ಈಗ ಕೊಡಬಲ್ಲದ್ದು ಈ ದುಡ್ಡು. ರಣಜಿಗೆ, ಅದರ ಕೆಳಗಿನ ವಯೋಮಿತಿ ಟೂರ್ನಿಗಳಿಗೆ, ಶಾಲೆಗಳಿಗೆ ಅದು ಹರಿಯಬೇಕು. ಅದನ್ನು ಕೇಳುತ್ತಲೇ ಇರಬೇಕು. ಆದರೆ ನಮ್ಮ ಸಂಘಗಳ ದುಡ್ಡೂ ಇದೆಯಲ್ಲ. ಪ್ರತಿ ವರ್ಷ ಟ್ರೋಫಿಗೆ, ಟೀ ಶರ್ಟಿಗೆ, ಸ್ಪೀಕರಿಗೆ ಎಷ್ಟು ಖರ್ಚು ಮಾಡುತ್ತೇವೆ ನೀವೇ ಲೆಕ್ಕ ಹಾಕಿ. ಆ ಟೂರ್ನಮೆಂಟುಗಳು ನಡೆಯಲಿ. ಅದರ ಜೊತೆಗೆ ಹದಿನಾಲ್ಕರ ಒಳಗಿನ ಮಕ್ಕಳಿಗೆ ವರ್ಷಕ್ಕೆ ಒಂದೇ ಒಂದು ಎರಡು ದಿನದ ಮ್ಯಾಚ್ ಇಡಿ. ಒಂದು ಶನಿವಾರ, ಒಂದು ಭಾನುವಾರ. ಓವರ್ ಮಿತಿ ಬೇಡ. ಪಿಚ್ ಬಾಡಿಗೆ, ನಾಲ್ಕು ಕೆಂಪು ಚೆಂಡು, ಇಬ್ಬರು ಅಂಪೈರ್, ಮಕ್ಕಳಿಗೆ ಎರಡು ಹೊತ್ತಿನ ಊಟ. ಊಟದ ವಿಷಯದಲ್ಲಿ ಈ ಸಭೆಯಲ್ಲಿ ಹೋಟೆಲ್ ಇರುವವರು ಹಿಂದೆ ಬೀಳುವುದಿಲ್ಲ ಎಂದು ನನಗೆ ಗೊತ್ತು. ತಂದೆತಾಯಿಗಳಿಗೆ ಒಂದು ಮಾತು ಹೇಳಿಡಬೇಕು. ಮಗ ಇಡೀ ಬೆಳಗ್ಗೆ ಹದಿನೆಂಟು ರನ್ ಮಾಡಿದರೆ ಬೈಯಬೇಡಿ. ಮಳೆಗಾಲಕ್ಕೆ ಮೊದಲು, ಏಪ್ರಿಲ್ ರಜೆಯಲ್ಲಿ ಮಾಡುವುದಾದರೆ ಈಗಲೇ ಪಿಚ್ ಕೇಳಿಡಬೇಕು, ಆಮೇಲೆ ಸಿಗುವುದಿಲ್ಲ. ಕಮಿಟಿಯವರು ಇಲ್ಲೇ ಇದ್ದಾರೆ, ಸಭೆ ಮುಗಿದ ಮೇಲೆ ಹೆಸರು ಕೊಡಿ. ಸ್ಕೋರ್ ಬರೆಯಲು ಎರಡೂ ದಿನ ನಾನು ಬರುತ್ತೇನೆ, ಒಂದಿಬ್ಬರು ಮಕ್ಕಳಿಗೆ ಬರೆಯುವುದನ್ನೂ ಕಲಿಸುತ್ತೇನೆ.